ಬಿಡಿ ನಕ್ಷತ್ರಗಳೇ ಕಾಣದ ಸ್ಟಾರ್‌ಬರ್ಸ್ಟ್ ಗೆಲಾಕ್ಸಿಯಲ್ಲಿ, ಅಂದರೆ ಅತಿ ವೇಗವಾಗಿ ಹೊಸ ನಕ್ಷತ್ರಗಳು ಹುಟ್ಟುತ್ತಿರುವ ಗೆಲಾಕ್ಸಿಯಲ್ಲಿ, ನಕ್ಷತ್ರಗಳ ವಯಸ್ಸನ್ನು ಹೇಗೆ ಅಂದಾಜು ಮಾಡುತ್ತಾರೆ?

ಒಮ್ಮೆಲೇ ಹುಟ್ಟಿದ ನಕ್ಷತ್ರಗಳ ಗುಂಪೊಂದನ್ನು ಕಂಪ್ಯೂಟರಿನಲ್ಲಿ ಕಲ್ಪಿಸಿಕೊಂಡು, ಅದರಲ್ಲಿ ಯಾವ ದ್ರವ್ಯರಾಶಿಯವು ಎಷ್ಟಿರಬೇಕೆಂಬುದನ್ನು 1955ರಲ್ಲಿ ಖಗೋಳ ಭೌತವಿಜ್ಞಾನಿ ಸಾಲ್‌ಪೀಟರ್ ಸೂಚಿಸಿದಂಥ ಸೂತ್ರದಿಂದ ನಿಗದಿಪಡಿಸಿ, ಗುಂಪಿಗೆ ವಯಸ್ಸಾದಂತೆ ಅದರ ಒಟ್ಟು ಬೆಳಕು ಹೇಗೆ ಬದಲಾಗುತ್ತದೆಂದು ಲೆಕ್ಕ ಹಾಕುತ್ತಾರೆ. ಬೇರೆ ಬೇರೆ ವಯಸ್ಸಿನ ಇಂಥ ಗುಂಪುಗಳನ್ನು ಬೆರೆಸಿ, ದೂರದರ್ಶಕದಲ್ಲಿ ದೊರೆತ ರೋಹಿತಕ್ಕೆ (ಬಣ್ಣ ಬಣ್ಣವಾಗಿ ಬಿಡಿಸಿದ ಬೆಳಕಿಗೆ) ಹೊಂದುವ ಮಿಶ್ರಣವನ್ನು ಹುಡುಕುತ್ತಾರೆ.

ಇಲ್ಲಿ ಭಾರಿ ನಕ್ಷತ್ರಗಳೇ ಗಡಿಯಾರ. ಸೂರ್ಯನಂಥ ನಕ್ಷತ್ರ ಸುಮಾರು 1000 ಕೋಟಿ ವರ್ಷ ಬಾಳಿದರೆ, ಅದರ 20 ಪಟ್ಟು ದ್ರವ್ಯರಾಶಿಯದು 1 ಕೋಟಿ ವರ್ಷದ ಆಸುಪಾಸಿನಲ್ಲೇ ಮುಗಿದುಹೋಗುತ್ತದೆ. ಆದ್ದರಿಂದ 656.3 ನ್ಯಾನೋಮೀಟರಿನ ಹೈಡ್ರೋಜನ್ ರೇಖೆ ಪ್ರಖರವಾಗಿದ್ದರೆ, ಸುತ್ತಲಿನ ಅನಿಲವನ್ನು ಅಯಾನೀಕರಿಸುವ (ಅದರ ಪರಮಾಣುಗಳಿಂದ ಎಲೆಕ್ಟ್ರಾನ್ ಕೀಳುವ) ಎಳೆಯ, ಭಾರಿ ನಕ್ಷತ್ರಗಳು ಅಲ್ಲಿವೆ ಎಂದರ್ಥ. ನೇರಳಾತೀತ ಬೆಳಕು ಸುಮಾರು 10 ಕೋಟಿ ವರ್ಷಗಳಷ್ಟು ಹಿಂದಿನವರೆಗಿನ ಹುಟ್ಟನ್ನು ತಿಳಿಸುತ್ತದೆ. ಇದನ್ನು ಅಳೆಯಲು ಬೆಂಗಳೂರಿನ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಆಸ್ಟ್ರೋಫಿಸಿಕ್ಸ್‌ನ ಮುಂದಾಳತ್ವದಲ್ಲಿ ರೂಪುಗೊಂಡು, 2015ರಲ್ಲಿ ಭಾರತದ ಖಗೋಳ ಉಪಗ್ರಹ ಆಸ್ಟ್ರೋಸ್ಯಾಟ್‌ನೊಂದಿಗೆ ಹಾರಿದ ಯುವಿಐಟಿ ದೂರದರ್ಶಕವಿದೆ ಎಂಬುದು ನಮಗೆ ಹೆಮ್ಮೆಯ ಸಂಗತಿ.

ನನ್ನ ದೃಷ್ಟಿಯಲ್ಲಿ ನಿಜವಾದ ತೊಡಕು ಧೂಳು. ಅದು ನೀಲಿ ಬೆಳಕನ್ನು ಹೆಚ್ಚು ಹೀರುವುದರಿಂದ ಎಳೆಯ ಗುಂಪೂ ಕೆಂಪಾಗಿ, ವಯಸ್ಸಾದುದರಂತೆ ತೋರುತ್ತದೆ. ಸುಮಾರು 1.2 ಕೋಟಿ ಜ್ಯೋತಿರ್ವರ್ಷ ದೂರದ ಎಂ82ರಂಥ ಗೆಲಾಕ್ಸಿಯಲ್ಲಿ, ಧೂಳು ಹೀರಿದ ಶಕ್ತಿ ಅವಕೆಂಪು ಬೆಳಕಾಗಿ ಹೊರಬರುವುದನ್ನೂ ಅದೇ ಲೆಕ್ಕಕ್ಕೆ ಸೇರಿಸದೆ ಮಾದರಿಯನ್ನು ನಂಬಲಾಗದು.