ವರ್ಣಮಾಲೆ ಬಾಯಿಗೆ ಬರುತ್ತದೆ, ಅಕ್ಷರ ಗುರುತು ಸಿಗೋದಿಲ್ಲ: ಯಲಬುರ್ಗಾದ ಅಕ್ಕಾರ ಪ್ರಶ್ನೆಗೆ

ಅಕ್ಕಾರೆ, ನಮಸ್ಕಾರ. ಇದು ಶೇಂಗಾ, ಉಳ್ಳಾಗಡ್ಡಿ ಬೆಳೆಯೋರ ಗುಂಪಾದರೂ ನೀವು ಕೇಳಿದ ತೊಂದರೆ ನಮ್ಮ ಕಡೆ ಎಷ್ಟೋ ಮನೆಗಳಲ್ಲಿದೆ. ಅದಕ್ಕೇ ಉದ್ದವಾಗಿ ಬರೆಯುತ್ತೇನೆ. 5 ವರ್ಷದ ಮಗಳು ‘ಅ’ದಿಂದ ‘ಳ’ವರೆಗೆ ಪಟಪಟ ಹೇಳ್ತಾಳೆ, ‘ಬ’ ಒಂದನ್ನೇ ತೋರಿಸಿದರೆ ಮತ್ತೆ ‘ಅ’ದಿಂದ ಶುರು ಮಾಡ್ತಾಳೆ, ದಿನಾ 4 ಪುಟ ತಿದ್ದಿಸಿದರೂ ಅಷ್ಟೇ, ಮೇಲಾಗಿ ಎಡಗೈಲಿ ಬರೀತಾಳೆ ಅಂತ ಬರೆದಿದ್ದೀರಿ.

ಮಗು ದಡ್ಡಿ ಅಲ್ಲ. ಅವಳು ಕಲಿತಿರೋದು ಒಂದು ಹಾಡು. ಹಾಡಿನಲ್ಲಿ ‘ಬ’ ಎಲ್ಲಿ ಬರುತ್ತದೆ ಅಂತ ಗೊತ್ತು, ‘ಬ’ದ ಆಕಾರ ಗೊತ್ತಿಲ್ಲ. ಪುಟಗಟ್ಟಲೆ ತಿದ್ದಿಸಿದಾಗ ಕೈ ಮೇಲಿನ ಸಾಲನ್ನು ನೋಡಿ ಗೆರೆ ಎಳೆಯುತ್ತದೆ, ಬಾಯಲ್ಲಿ ಆ ಶಬ್ದ ಇರೋದಿಲ್ಲ. ಆ 4 ಪುಟ ನಾಳೆಯಿಂದಲೇ ನಿಲ್ಲಿಸ್ರಿ. ದಿನಕ್ಕೆ 10–15 ನಿಮಿಷದಂತೆ ಎರಡು ಸಲ ಕೂತರೆ ಸಾಕು.

ಮೊದಲು ಕಿವಿ. ಬದನೆಕಾಯಿ ಅನ್ನುತ್ತಾ ಚಪ್ಪಾಳೆ ಹೊಡೆಸ್ರಿ: ಬ-ದ-ನೆ-ಕಾ-ಯಿ, ಐದು. ಹತ್ತಿ, ಎರಡು. ಕನ್ನಡದಲ್ಲಿ ಹೆಚ್ಚುಕಡಿಮೆ ಚಪ್ಪಾಳೆಗೊಂದು ಅಕ್ಷರ ಬೀಳುತ್ತದೆ, ಹಾಗಾಗಿ ಈ ಆಟ ನೇರವಾಗಿ ಓದಿಗೆ ಬರುತ್ತದೆ. ಆಮೇಲೆ “ಮರ, ಮನಿ, ಮಳಿ, ಮೊದಲಿಗೆ ಏನು ಕೇಳಿಸ್ತು?” ಅಂತ ಕೇಳ್ರಿ. ರೊಟ್ಟಿ ಬಡಿಯುವಾಗ, ಶೇಂಗಾ ಸುಲಿಯುವಾಗ ಇದು ಆಗುತ್ತದೆ, ಬೇರೆ ಹೊತ್ತು ಬೇಡ.

ಅಕ್ಷರಕ್ಕೆ ಬಂದರೆ, 49ನ್ನೂ ವರ್ಣಮಾಲೆಯ ಸಾಲಿನಲ್ಲಿ ಕಲಿಸಬೇಕು ಅಂತ ಏನೂ ಇಲ್ಲ. ನಮ್ಮ ಸರ್ಕಾರಿ ಶಾಲೆಗಳ ಸಣ್ಣ ತರಗತಿಗಳಲ್ಲಿ ಆಡುತ್ತಾ ಕಲಿಸೋ ನಲಿ-ಕಲಿ ಪದ್ಧತಿಯಲ್ಲಿ ಮೊದಲು ಬರೋದು ರ, ಗ, ಸ, ದ, ಅ. ಅದರ ನಂತರ ಜ, ವ, ಮ, ಬ, ನ. ಕಾರಣ, ಈ ಅಕ್ಷರಗಳಿಂದ ಕಾಗುಣಿತವಿಲ್ಲದೆಯೇ ಪದ ಆಗುತ್ತವೆ. ಹಳೇ ಲಗ್ನಪತ್ರಿಕೆಯ ಖಾಲಿ ಬದಿಯನ್ನು 3 ಅಂಗುಲದ ಚೌಕ ಕತ್ತರಿಸಿ, ದಪ್ಪ ಸ್ಕೆಚ್ ಪೆನ್ನಿನಿಂದ ಪ್ರತಿ ಅಕ್ಷರಕ್ಕೆ ಎರಡು ಚೀಟಿ ಮಾಡ್ರಿ. ಮೊದಲ ದಿನ ರ ಮತ್ತು ಸ ಮಾತ್ರ. ‘ಸ’ ಮುಂದೆ ‘ರ’ ಇಟ್ಟು ಬೆರಳು ಜಾರಿಸುತ್ತಾ ಓದ್ರಿ: ಸ… ರ… ಸರ. ಚೀಟಿ ಅದಲುಬದಲು ಮಾಡ್ರಿ: ರಸ. ಎರಡೇ ಚೀಟಿ, ಜಾಗ ಬದಲಾದರೆ ಬೇರೆ ಪದ ಅನ್ನೋದು ಮಗುವಿಗೆ ಹೊಳೆದ ಗಳಿಗೆಯೇ ಓದು ಶುರುವಾಯ್ತು ಅಂತ ತಿಳೀರಿ. ಎರಡನ್ನೂ ಕಲೆಸಿಟ್ಟಾಗ ತಡವರಿಸದೆ ಹೇಳಿದರೆ ಮಾತ್ರ ಮೂರನೆಯದು. ಐದೂ ಬಂದಾಗ ಅಗಸ, ಅರಸ, ಗರಗಸ, ಸರಸರ ಎಲ್ಲ ಓದ್ತಾಳೆ. ಕೊಪ್ಪಳ ಬಸ್ ಸ್ಟ್ಯಾಂಡಿಗೆ ಹೋದಾಗ ‘ಗದಗ’ ಅನ್ನೋ ಬೋರ್ಡ್ ತೋರಿಸ್ರಿ. ಎರಡೇ ಅಕ್ಷರ ಗೊತ್ತಿದ್ದರೂ ಸಾಕು, ಒಂದು ಊರಿನ ಹೆಸರನ್ನೇ ಓದಿದ ಹಾಗಾಯ್ತು. ಮುಂದಿನ ಐದರಲ್ಲಿ ಮರ, ದನ, ಬಸವ, ದವಸ, ಜನ ಬರುತ್ತವೆ.

ಇಲ್ಲಿ ಹೆಚ್ಚಾಗಿ ಕೆಡೋದು ಗೋಡೆಯ ಚಿತ್ರಪಟದಿಂದ. ಅಕ್ಷರದ ಪಕ್ಕ ಚಿತ್ರ ಇದ್ದರೆ ಮಗು ಚಿತ್ರ ನೋಡಿ ಹೇಳುತ್ತದೆ. ‘ಆ’ ತೋರಿಸಿದರೆ “ಆನೆ” ಅನ್ನುತ್ತದೆ. ಚಿತ್ರವನ್ನು ಕೈಯಿಂದ ಮುಚ್ಚಿ ಕೇಳ್ರಿ. ಇನ್ನೊಂದು, ಒಂದರಂತೆ ಇನ್ನೊಂದು ಕಾಣೋ ಅಕ್ಷರಗಳನ್ನು ಒಂದೇ ವಾರ ಕಲಿಸಬೇಡ್ರಿ: ನ–ಸ, ವ–ಪ–ಷ, ಎ–ಏ. ಒಂದು ಗಟ್ಟಿಯಾದ ಮೇಲೆ ಎರಡನ್ನೂ ಪಕ್ಕಪಕ್ಕ ಇಟ್ಟು ಎಲ್ಲಿ ಬೇರೆ ಅಂತ ಅವಳ ಕೈಲೇ ಬೆರಳು ಇಡಿಸ್ರಿ. ಖ, ಘ, ಛ, ಠ, ಧ, ಭ ಮುಂತಾದ ಮಹಾಪ್ರಾಣ ಎಲ್ಲಕ್ಕಿಂತ ಕೊನೆಗೆ. ನಮ್ಮ ದಿನದ ಮಾತಲ್ಲಿ ಆ ಶಬ್ದಗಳು ಬೇರೆಯಾಗಿ ಕೇಳಿಸೋದೇ ಅಪರೂಪ, ಕಿವಿಗೆ ಸಿಗದ್ದನ್ನು ಕಣ್ಣು ಹಿಡಿಯೋದಿಲ್ಲ. ಙ, ಞ ಸದ್ಯಕ್ಕೆ ಬಿಟ್ಟೇಬಿಡ್ರಿ.

ಬರವಣಿಗೆಗೆ ತಟ್ಟೆಯಲ್ಲಿ ಒಂದು ಪದರ ಸಣ್ಣ ಉಸುಕು ಅಥವಾ ಜೋಳದ ನುಚ್ಚು ಹರಡಿ ಬೆರಳಿನಿಂದ ಬರೆಸ್ರಿ. ಆಮೇಲೆ ಪಾಟಿ, ಬಳಪ. 2 ಅಂಗುಲ ದೊಡ್ಡ ಅಕ್ಷರ. ನೋಟ್‌ಬುಕ್ ಕೊನೆಗೆ, ಅದೂ ದೊಡ್ಡ ಚೌಕದ್ದು. ಕನ್ನಡ ಅಕ್ಷರ ಬಹುತೇಕ ದುಂಡಗೆ, ಹಾಗಾಗಿ ಎರಡೂ ದಿಕ್ಕಿಗೆ ಸುತ್ತು ಹಾಕೋ ಅಭ್ಯಾಸ ಮೊದಲು ಬೇಕು. ಅಕ್ಷರದ ಮೈ ಮೊದಲು, ತಲಕಟ್ಟು ಕೊನೆಗೆ, ಪ್ರತಿ ಸಲವೂ ಹಾಗೇ. ಬರೆಯುವಾಗ ಬಾಯಲ್ಲಿ ಶಬ್ದ ಬರಲೇಬೇಕು. ನೀವು ಅವಳ ಕೈ ಹಿಡಿದು ತಿದ್ದಿಸಿದರೆ ನಿಮ್ಮ ಕೈ ಬರೆಯುತ್ತದೆ, ಅವಳದಲ್ಲ; ಪಕ್ಕದಲ್ಲಿ ನೀವು ನಿಧಾನಕ್ಕೆ ಬರೆದು ತೋರಿಸ್ರಿ. ಒಂದು ಅಕ್ಷರ ಐದು ಸಲ ಬರೆದರೆ ಸಾಕು, ಐದರಲ್ಲಿ ಚೆನ್ನಾಗಿ ಬಂದದ್ದಕ್ಕೆ ಅವಳೇ ಸುತ್ತು ಹಾಕಲಿ.

ಕಾಗುಣಿತವನ್ನೂ ಕ, ಕಾ, ಕಿ, ಕೀ ಅಂತ ಬಳ್ಳಿ ಬಾಯಿಪಾಠ ಮಾಡಿಸಿದರೆ ಮತ್ತೆ ಅದೇ ಹಾಡು. ಒಂದು ಚಿಹ್ನೆ ತಗೊಂಡು, ‘ಅ’ ಬಿಟ್ಟು ಗೊತ್ತಿರೋ ಒಂಬತ್ತೂ ಅಕ್ಷರಕ್ಕೆ ಹಚ್ಚ್ರಿ. ಇಳಿ ಹಚ್ಚಿದರೆ ದಾರ, ಮಾವ, ನಾಗ, ಜಾಗ. ಅದು ಕುದುರಿದ ಮೇಲೆ ಗುಡಿಸು: ದಿನ, ಬಿಸಿ. ಆಮೇಲೆ ಕೊಂಬು: ಗುರು. ಕೊಂಬಿನಲ್ಲಿ ಒಂದು ಕಡೆ ಎಲ್ಲ ಮಕ್ಕಳೂ ಎಡವುತ್ತಾರೆ, ‘ವು’ ಮತ್ತು ‘ಮ’. ‘ಮಾವು’ ಇದ್ದದ್ದನ್ನು ‘ಮಾಮ’ ಅಂತ ಓದ್ತಾರೆ. ‘ಮ’ದ ಬಾಲ ಸಾಲಿನ ಮೇಲೇ ಬಲಕ್ಕೆ ಏಳುತ್ತದೆ, ‘ವು’ದ ಕೊಂಬು ಸಾಲಿನ ಕೆಳಗಿಳಿದು ಮೇಲೆ ಬರುತ್ತದೆ. ಪಾಟಿ ಮೇಲೆ ದಪ್ಪ ಗೆರೆ ಎಳೆದು ತೋರಿಸಿದರೆ ತಿಳಿಯುತ್ತದೆ.

ಒತ್ತಕ್ಷರವನ್ನು ಅಕ್ಕ, ಅಪ್ಪ, ಅಜ್ಜದಿಂದ ಶುರು ಮಾಡ್ರಿ, ಅಲ್ಲಿ ಒತ್ತು ಮೂಲ ಅಕ್ಷರದ ಹಾಗೇ ಕಾಣುತ್ತದೆ. ತ, ನ, ಮ, ಯ, ರ, ಲ ಇವುಗಳ ಒತ್ತಿಗೆ ಆಕಾರವೇ ಬೇರೆ. ಅವನ್ನು ಹೊಸ ಅಕ್ಷರದಂತೆಯೇ ಒಂದೊಂದಾಗಿ ಕಲಿಸಬೇಕು.

ನಮ್ಮ ಮಾತಿನ ತೊಡಕು ಒಂದಿದೆ. ಮನೆ ಅನ್ನೋದನ್ನು ನಾವು ಮನಿ ಅಂತೀವಿ, ಎಮ್ಮೆ ಎಮ್ಮಿ, ಎಲೆ ಎಲಿ. ಮಗು ‘ಮನಿ’ ಅಂತ ಬರೆದರೆ ಅದು ಕೇಳಿದ್ದನ್ನು ಸರಿಯಾಗಿಯೇ ಬರೆದಿದೆ. ಬೈಯಬೇಡ್ರಿ. “ಹೌದು, ನಾವು ಅನ್ನೋದು ಹಿಂಗ, ಪುಸ್ತಕದಾಗ ಹಿಂಗ ಬರೀತಾರ” ಅಂತ ಪಕ್ಕದಲ್ಲಿ ‘ಮನೆ’ ಬರೆದು ತೋರಿಸ್ರಿ. ಮನೆಯಲ್ಲಿ ತೆಲುಗು, ಲಂಬಾಣಿ, ಉರ್ದು ಮಾತಾಡೋರು ಚೀಟಿ ಹಿಡಿಯೋ ಮೊದಲು ಆ ಕನ್ನಡ ಪದದ ವಸ್ತು ತೋರಿಸಿ ಮಾತಲ್ಲಿ ಬಳಸ್ರಿ. ಅರ್ಥ ಗೊತ್ತಿಲ್ಲದ ಪದ ಓದಿಸಿದರೆ ಮತ್ತೆ ಬಾಯಿಪಾಠವೇ ಆಗುತ್ತದೆ.

ದಿನಾ ರಾತ್ರಿ ಒಂದು ಕತೆ ಬೆರಳಿಟ್ಟು ಓದಿ ಹೇಳ್ರಿ. ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ಅನ್ನೋ ವೆಬ್‌ಸೈಟಿನಲ್ಲಿ ಕನ್ನಡ ಕತೆಗಳು ಹಂತಹಂತವಾಗಿ ಪುಕ್ಕಟೆ ಸಿಗುತ್ತವೆ, ಮೊದಲ ಹಂತದವು ಸಾಕು.

ಅಕ್ಷರ ತಿರುವುಮುರುವಾಗಿ ಬರೆಯೋದು ಈ ವಯಸ್ಸಿನಲ್ಲಿ ಸಾಮಾನ್ಯ. ಆದರೆ ಪುಸ್ತಕ ಮೂಗಿಗೆ ಹತ್ತಿರ ಹಿಡಿದರೆ, ಬೆನ್ನ ಹಿಂದೆ ಕರೆದಾಗ ತಿರುಗದಿದ್ದರೆ, ಕಣ್ಣು ಕಿವಿ ತೋರಿಸ್ರಿ. ಅಂಗನವಾಡಿಗೆ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ತಪಾಸಣೆಗೆ ಬರುತ್ತದೆ, ಆಗ ಮರೆಯದೆ ಹೇಳ್ರಿ.

ಎಡಗೈ ಬದಲಿಸಬೇಡ್ರಿ, ಅದು ದೋಷವಲ್ಲ. ನಾವು ಎಡದಿಂದ ಬಲಕ್ಕೆ ಬರೆಯೋದರಿಂದ ಅವಳ ಕೈ ಬರೆದದ್ದನ್ನು ಮುಚ್ಚುತ್ತದೆ, ಬಳಪ ಅಳಿಸುತ್ತದೆ, ಅಷ್ಟೇ ತೊಂದರೆ. ಪಾಟಿಯನ್ನು ಮೈಯ ನಡುವಿಗಿಂತ ಸ್ವಲ್ಪ ಎಡಕ್ಕೆ ಇಟ್ಟು, ಮೇಲಿನ ಅಂಚು ಬಲಕ್ಕೆ ವಾಲೋ ಹಾಗೆ ತಿರುಗಿಸ್ರಿ. ಬಳಪವನ್ನು ತುದಿಯಿಂದ ಒಂದು ಅಂಗುಲ ಮೇಲೆ ಹಿಡಿಯಲಿ. ತಮ್ಮನ ಜೊತೆ ಕೂತರೆ ಅವಳನ್ನು ಎಡಬದಿಗೆ ಕೂಡಿಸ್ರಿ, ಮೊಣಕೈ ತಾಗೋದಿಲ್ಲ. ಅಂಗನವಾಡಿ ಟೀಚರಿಗೂ ಇದನ್ನು ಹೇಳಿಡ್ರಿ, ಅಲ್ಲಿ ಯಾರೂ ಕೈ ಬದಲಿಸೋಕೆ ಒತ್ತಾಯ ಮಾಡಬಾರದು.