ಎಲ್‌ಎಸ್‌ಡಿ ಚೂರೇ ಚೂರು ತಗೊಂಡರೂ ಅಮಲು ಅಷ್ಟು ಹೊತ್ತು ಯಾಕೆ ಇಳಿಯಲ್ಲ?
ಭ್ರಮೆ ತರಿಸುವ ಮಾದಕವಸ್ತು ಎಲ್‌ಎಸ್‌ಡಿಯ ಅಣುವಿನ ಒಂದು ಭಾಗ, ನರಕೋಶಗಳ ನಡುವೆ ಸಂದೇಶ ಸಾಗಿಸುವ ಸೆರೊಟೋನಿನ್ ತರಹವೇ ಇದೆ, ಹಾಗಾಗಿ ಅದು ಮಿದುಳಿನ ಸೆರೊಟೋನಿನ್ ಗ್ರಾಹಕಗಳಲ್ಲಿ (ಸೆರೊಟೋನಿನ್ ಬಂದು ಕೂರುವ, ನರಕೋಶದ ಮೇಲಿನ ಪ್ರೋಟೀನುಗಳು), ಅದರಲ್ಲೂ 5-ಎಚ್‌ಟಿ2ಎ ಅನ್ನುವುದರಲ್ಲಿ, ಸಲೀಸಾಗಿ ಹೋಗಿ ಕೂರುತ್ತದೆ. ಕೆಲವು ಅಣಬೆಗಳಲ್ಲಿರುವ ಅಮಲಿನ ವಸ್ತು ಸಿಲೊಸೈಬಿನ್ ಕೂಡ ದೇಹದಲ್ಲಿ ಸಿಲೊಸಿನ್ ಆಗಿ ಇಲ್ಲಿಗೇ ಬರುವುದು. ಈ ಗ್ರಾಹಕಗಳು ಮಿದುಳಿನ ಹೊರಪದರದಲ್ಲಿ ಜಾಸ್ತಿ. ಅಲ್ಲಿನ ನರಕೋಶಗಳು ಕೆರಳಿದರೆ ನೋಟ, ಸದ್ದು, ಹೊತ್ತಿನ ಅರಿವು ಎಲ್ಲ ಏರುಪೇರಾಗುತ್ತದೆ. ಮೊದಲೇ ಕೆಟಾನ್‌ಸೆರಿನ್ ಅನ್ನುವ ಔಷಧಿ ಕೊಟ್ಟು ಈ ಗ್ರಾಹಕವನ್ನು ತಡೆದರೆ ಭ್ರಮೆ ಬಹುಪಾಲು ಬರುವುದೇ ಇಲ್ಲ.

ಇನ್ನು ನಿಮ್ಮ ಪ್ರಶ್ನೆ. ನನಗೆ ತುಂಬ ಅಚ್ಚರಿ ತಂದದ್ದೂ ಇದೇ. 2017ರಲ್ಲಿ 5-ಎಚ್‌ಟಿ2ಎಯ ಹತ್ತಿರದ ನೆಂಟ 5-ಎಚ್‌ಟಿ2ಬಿ ಗ್ರಾಹಕದ ಒಳಗೆ ಎಲ್‌ಎಸ್‌ಡಿ ಕೂತಿರುವ ರಚನೆ ಕಂಡಾಗ, ಗ್ರಾಹಕದ ಒಂದು ತುಣುಕು ಡಬ್ಬಿಯ ಮುಚ್ಚಳದ ಹಾಗೆ ಅದರ ಮೇಲೆ ಮಡಚಿಕೊಂಡಿತ್ತು. ಅಣು ಒಳಗೇ ಸಿಕ್ಕಿಕೊಂಡು ಬೇಗ ಹೊರಬರುವುದಿಲ್ಲ. ಅಮಲು ಗಂಟೆಗಟ್ಟಲೆ ಇಳಿಯದಿರಲು ಇದೊಂದು ಮುಖ್ಯ ಕಾರಣ ಅಂತ ವಿಜ್ಞಾನಿಗಳ ವಾದ.