ಹೆಸರು ನಂಬಿ ಹಳೇ ಪಟ್ಟಣ ಹುಡುಕೋಕೆ ಹೋಗಬೇಡಿ

ಬೈಬಲ್‌ನ ಪಟ್ಟಣದ ಹೆಸರನ್ನು ಮ್ಯಾಪ್‌ನಲ್ಲಿ ಹಾಕಿ, ಅದೇ ಹೆಸರಿನ ಈಗಿನ ಊರಿಗೆ ಹೋದರೆ ಕೆಳಗಿರುವ ಅವಶೇಷ ನೋಡಬಹುದಾ, ಅದಕ್ಕೆ ಯಾವ ಆ್ಯಪ್ ಒಳ್ಳೇದು ಅಂತ ಕೇಳಿದ್ದೀರಿ. ಇಸ್ರೇಲ್ ಪ್ರವಾಸದಲ್ಲಿ ಒಂದೇ ದಿನ ಬಿಡುವಿದೆ ಅಂತಲೂ ಬರೆದಿದ್ದೀರಿ. ನಾನೂ ಹೀಗೇ ಮಾಡಿದ್ದೆ. ಹಾಳಾದದ್ದು ನಮ್ಮಪ್ಪನ ದಿನ.

ನಾನು ಆಗ ಅಶ್ಕೆಲೋನ್‌ನಲ್ಲಿ ಕೇರ್‌ಗಿವರ್ ಆಗಿದ್ದೆ. ನಮ್ಮ ಕರಾವಳಿ ಕಡೆಯವರು ಈ ಕೆಲಸಕ್ಕೆ ಅಲ್ಲಿ ತುಂಬಾ ಜನ ಇದ್ದಾರೆ. ಅಪ್ಪ ಊರಿನ ಸಿಎಸ್‌ಐ ಚರ್ಚಿನ ಸಭೆಯಲ್ಲಿ ಸಂಡೇ ಸ್ಕೂಲ್ ಪಾಠ ಮಾಡಿದವರು. ಹುಡುಗ ದಾವೀದ ದೈತ್ಯ ಗೊಲ್ಯಾತನನ್ನು ಕೊಂದ ಕಥೆ ಬಂದರೆ ಬೋರ್ಡಿನ ಮೇಲೆ ನಕ್ಷೆ ಬರೆಯಲೇಬೇಕು. ನಡುವೆ ಏಲಾ ತಗ್ಗು, ಒಂದು ಬದಿಗೆ ಇಸ್ರೇಲ್ಯರ ರಾಜ ಸೌಲನ ಪಾಳೆಯ, ಇನ್ನೊಂದು ಬದಿಗೆ ಅವರ ಶತ್ರುಗಳಾದ ಫಿಲಿಷ್ಟಿಯರು, ತಗ್ಗು ಮುಗಿದು ಬಯಲು ಶುರುವಾಗುವ ಕಡೆ ಗೊಲ್ಯಾತನ ಊರು ಗತ್. ಸಭೆಯವರ ಗುಂಪಿನಲ್ಲಿ ಅವರು ಇಸ್ರೇಲ್‌ಗೆ ಬಂದಾಗ, ಬಿಡುವಿನ ದಿನ ಗತ್ ತೋರಿಸ್ತೀಯಾ ಅಂತ ಮಾತ್ರ ಕೇಳಿದರು.

ಮ್ಯಾಪ್‌ನಲ್ಲಿ ಗತ್ ಅಂತ ಹಾಕಿದೆ. ಕಿರ್ಯತ್ ಗತ್ ಬಂತು. ರೈಲ್ವೆ ಸ್ಟೇಷನ್ ಇರುವ ದೊಡ್ಡ ಊರು. ‘ಬೈಬಲ್‌ನ ಗತ್ ಪಟ್ಟಣದ ಹೆಸರಿಟ್ಟ ಊರು’ ಅಂತ ಎಲ್ಲೋ ಓದಿದೆ. ಪಕ್ಕದಲ್ಲೇ ತೆಲ್ ಎರಾನಿ ಅನ್ನುವ ಹಳೇ ದಿಬ್ಬವೂ ಕಾಣಿಸಿತು. ಇಷ್ಟು ಸಾಕು ಅಂತ ಟ್ಯಾಕ್ಸಿ ಮಾಡಿದೆ.

ಇಲ್ಲೇ ಎಡವಿದ್ದು. ಇದನ್ನು ಸ್ವಲ್ಪ ಬಿಡಿಸಿ ಹೇಳ್ತೀನಿ, ಯಾಕೆಂದರೆ ನೀವು ಕೇಳಿರುವುದೂ ಇದೇ ದಾರಿ. ‘ಹೆಸರಿಟ್ಟ ಊರು’ ಅನ್ನುವುದನ್ನು ನಾನು ‘ಅದರ ಮೇಲೆ ಕಟ್ಟಿದ ಊರು’ ಅಂತ ಓದಿಕೊಂಡೆ. ಯಾರು, ಯಾವಾಗ, ಯಾಕೆ ಆ ಹೆಸರಿಟ್ಟರು ಅಂತ ನೋಡಲಿಲ್ಲ. ಕಿರ್ಯತ್ ಗತ್ ಕಟ್ಟಿದ್ದು 1950ರ ದಶಕದಲ್ಲಿ. ಆ ದಿಬ್ಬವೇ ಗತ್ ಇರಬೇಕು ಅಂತ ಆಗಿನ ಕೆಲವು ವಿದ್ವಾಂಸರು ನಂಬಿದ್ದರು, ಅದಕ್ಕೇ ಹೊಸ ಊರಿಗೆ ಆ ಹೆಸರು. ಆಮೇಲೆ ದಿಬ್ಬ ಅಗೆದರು. ಸಿಕ್ಕಿದ್ದು ಹೆಚ್ಚಾಗಿ ಗೊಲ್ಯಾತನ ಕಾಲಕ್ಕಿಂತ ಸಾವಿರಾರು ವರ್ಷ ಹಳೆಯ ವಸ್ತುಗಳು. ಫಿಲಿಷ್ಟಿಯರ ದೊಡ್ಡ ಪಟ್ಟಣದ ಗುರುತು ಸಿಗಲಿಲ್ಲ. ಅಷ್ಟರಲ್ಲಿ ಹೆಸರು ಮಾತ್ರ ಊರಿಗೆ ಅಂಟಿಕೊಂಡಿತ್ತು. ಅಂದರೆ ನಾನು ಯಾವುದನ್ನು ಪುರಾವೆ ಅಂತ ಹಿಡಿದುಕೊಂಡೆನೋ ಅದು ಹಳೇ ಊಹೆ, ಆ ಊಹೆಯೂ ಬಿದ್ದುಹೋಗಿತ್ತು.

ಅಪ್ಪ ದಿಬ್ಬದ ಮೇಲೆ ನಿಂತು ನಾಲ್ಕೂ ಕಡೆ ನೋಡಿದರು. “ಏಲಾ ತಗ್ಗು ಯಾವ ಕಡೆ ಬರ್ತದೆ ಮಗಾ?” ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಕೈಚೀಲದಿಂದ ಬೈಬಲ್ ತೆಗೆದು ಒಂದನೆಯ ಸಮುವೇಲ 17 ತೆರೆದರು. ಗೊಲ್ಯಾತ ಸತ್ತ ಮೇಲೆ ಫಿಲಿಷ್ಟಿಯರು ತಮ್ಮ ಪಟ್ಟಣಗಳಾದ ಗತ್, ಎಕ್ರೋನ್‌ಗಳ ತನಕ ಓಡಿದರು ಅಂತ ಅಲ್ಲಿದೆ. “ಏಲಾದಿಂದ ಓಡಿದವರು ಇಲ್ಲಿಗ್ಯಾಕೆ ಬರ್ತಾರೆ?” ಅಂದರು. ನಾನು ಮ್ಯಾಪ್‌ನಲ್ಲಿ ನೋಡದೇ ಇದ್ದದ್ದನ್ನು ಅವರು ನಿಂತಲ್ಲೇ ನೋಡಿದ್ದರು.

ನಿಜವಾದ ಗತ್ ಅಲ್ಲಿಂದ ಈಶಾನ್ಯಕ್ಕೆ ಬರೀ ಹತ್ತು-ಹದಿನೈದು ಕಿಲೋಮೀಟರ್ ದೂರ, ತೆಲ್ ಎಸ್-ಸಾಫಿ ಅನ್ನುವ ದಿಬ್ಬ. ಏಲಾ ಹೊಳೆ ಅದರ ಬುಡದಲ್ಲೇ ಹರಿದು ಬಯಲಿಗೆ ಇಳಿಯುತ್ತದೆ. ಆ ಹೊತ್ತಿಗೆ ಅದು ನನಗೆ ಗೊತ್ತಿರಲಿಲ್ಲ, ಸಂಜೆಯೊಳಗೆ ಅಪ್ಪ ಗುಂಪು ಸೇರಬೇಕಿತ್ತು. ಮೊಣಕಾಲು ನೋವು ಜಾಸ್ತಿಯಾಗಿ ಅವರಿಗೆ ಮತ್ತೆ ಬರೋಕೆ ಆಗಲೇ ಇಲ್ಲ. ಇದು ನನ್ನನ್ನು ಈಗಲೂ ಕಾಡುತ್ತೆ.

ಆಮೇಲೆ ನಾನೊಬ್ಬನೇ ಹೋದೆ. ದೂರದಿಂದಲೇ ಕಾಣುವ ಬಿಳಿ ಸುಣ್ಣಕಲ್ಲಿನ ಗುಡ್ಡ. ಬಾರ್-ಇಲಾನ್ ವಿಶ್ವವಿದ್ಯಾಲಯದವರು 1996ರಿಂದ ಇಪ್ಪತ್ತೈದು ವರ್ಷ ಅಲ್ಲಿ ಅಗೆದರು. ಅರಾಮ್ಯರ ರಾಜ ಹಜಾಯೇಲ ಗತ್ ಹಿಡಿದ ಅಂತ ಎರಡನೆಯ ಅರಸುಗಳು 12ರಲ್ಲಿ ಒಂದು ಸಾಲಿದೆ, ಅಲ್ವಾ? ಅದಕ್ಕೆ ಹೊಂದುವಂತೆ, ಊರನ್ನು ಸುತ್ತುವರಿಯಲು ಬಂಡೆಯಲ್ಲೇ ಕಡಿದ ಕಂದಕ ಅಲ್ಲಿ ಸಿಕ್ಕಿದೆ, ಸುಟ್ಟುಹೋದ ಮನೆಗಳ ಪದರವೂ ಸಿಕ್ಕಿದೆ.

ಈಗ ನಿಮ್ಮ ಪ್ರಶ್ನೆಗೆ ಬರ್ತೀನಿ. ಹಳೇ ಪಟ್ಟಣ ಈಗಿನ ಊರಿನ ಕೆಳಗೇ ಇರುತ್ತೆ ಅನ್ನುವ ಲೆಕ್ಕವೇ ಎಷ್ಟೋ ಕಡೆ ತಪ್ಪು. ಊರುಗಳು ಜಾಗ ಬದಲಿಸುತ್ತವೆ. ಬೇರ್ಷೆಬದ ಹಳೇ ದಿಬ್ಬ ಈಗಿನ ನಗರದ ನಡುವೆ ಇಲ್ಲ, ಪೂರ್ವಕ್ಕೆ ಹೊರಗಿದೆ. ಬೈಬಲ್‌ನ ಶೆಕೆಮ್ ಪಟ್ಟಣ ಈಗಿನ ನಾಬ್ಲಸ್ ನಗರದ ಹಳೇ ಪೇಟೆಯ ಕೆಳಗಿದೆ ಅಂತ ಜನ ಬಹಳ ಕಾಲ ಅಂದುಕೊಂಡಿದ್ದರು. ಆ ಪೇಟೆಯ ಜಾಗ ರೋಮನ್ನರು ಕ್ರಿ.ಶ. 72ರಲ್ಲಿ ಹೊಸದಾಗಿ ಕಟ್ಟಿದ ಊರಿನದು. ಶೆಕೆಮ್ ಇರುವುದು ಪೂರ್ವಕ್ಕಿರುವ ತೆಲ್ ಬಲಾಟದಲ್ಲಿ, ಅದನ್ನು ಗುರುತಿಸಿದ್ದು 1903ರಲ್ಲಿ.

ಹಾಗಾಗಿ ಆ್ಯಪ್ ಹುಡುಕುವುದು ಬಿಡಿ. ದೂರ, ದಿಕ್ಕು ನೋಡಿ. ನಾಲ್ಕನೇ ಶತಮಾನದ ಬಿಷಪ್ ಯುಸೀಬಿಯಸ್ ಬೈಬಲ್ ಊರುಗಳ ಪಟ್ಟಿ ಬರೆದಿದ್ದಾರೆ. ಎಲ್ಯೂಥೆರೋಪೊಲಿಸ್‌ನಿಂದ, ಅಂದರೆ ಈಗಿನ ಬೇತ್ ಗುವ್ರಿನ್‌ನಿಂದ, ಲೋದ್ ಕಡೆ ಹೋಗುವಾಗ ಐದನೇ ಮೈಲಿಗಲ್ಲಿನ ಹತ್ತಿರ ಗತ್ ಇದೆ ಅಂತ ಅದರಲ್ಲಿದೆ. ಲೋದ್ ಇರುವುದು ಉತ್ತರಕ್ಕೆ. ಕಿರ್ಯತ್ ಗತ್ ಇರುವುದು ಪಶ್ಚಿಮಕ್ಕೆ. ಈ ಒಂದು ಸಾಲು ಓದಿದ್ದರೆ ಟ್ಯಾಕ್ಸಿಯವನಿಗೆ ಬೇರೆ ದಾರಿ ಹೇಳ್ತಿದ್ದೆ. ಅದಕ್ಕಿಂತ ಗಟ್ಟಿ ಪುರಾವೆ ಅಂದರೆ ಅಲ್ಲೇ ಸಿಕ್ಕ ಬರಹ. ಎಕ್ರೋನ್‌ನಲ್ಲಿ 1996ರಲ್ಲಿ ಊರಿನ ಹೆಸರೇ ಕೆತ್ತಿದ ಕಲ್ಲು ಸಿಕ್ಕಿತು, ಅಲ್ಲಿಗೆ ವಾದ ಮುಗಿಯಿತು.

ಈಗಲೂ ಜನ ವಾಸ ಮಾಡುವ ಊರಿನ ಕೆಳಗಿರುವುದನ್ನೇ ನೋಡಬೇಕು ಅಂತಿದ್ದರೆ ಯೆರೂಸಲೇಮ್ ಬಿಟ್ಟು ಎಲ್ಲೂ ಹೋಗಬೇಡಿ. ಯೇಸು ಕುರುಡನನ್ನು ಕಣ್ಣು ತೊಳೆದುಕೋ ಅಂತ ಕಳಿಸಿದ ಸಿಲೋವ ಕೊಳದ ಮೆಟ್ಟಿಲುಗಳು 2004ರಲ್ಲಿ ಒಳಚರಂಡಿ ಪೈಪ್ ಕೆಲಸ ಮಾಡುವಾಗ ಕಂಡವು. ಜನವಸತಿಯ ಕೆಳಗಿನದು ಬಹುಪಾಲು ಹೀಗೇ ಸಿಗುವುದು, ಯಾರೋ ಪೈಪಿಗೋ ಪಾಯಕ್ಕೋ ಅಗೆದಾಗ. ಮೆಟಲ್ ಡಿಟೆಕ್ಟರ್ ತರೋ ಯೋಚನೆ ಇದ್ದರೆ ಕೈಬಿಡಿ, ಅನುಮತಿ ಇಲ್ಲದೆ ಹುಡುಕುವುದು, ಅಗೆಯುವುದು ಅಲ್ಲಿ ಅಪರಾಧ.

ನಿಮ್ಮ ಬಿಡುವಿನ ದಿನ ಶನಿವಾರ ಆಗಿದ್ದರೆ ಮೊದಲೇ ಗಾಡಿ ಮಾತಾಡಿಕೊಳ್ಳಿ, ಅವತ್ತು ಹೆಚ್ಚಿನ ಕಡೆ ಬಸ್ಸು ಇರಲ್ಲ. ತೆಲ್ ಎಸ್-ಸಾಫಿಗೆ ಹೋಗುವುದಾದರೆ ಕ್ಫಾರ್ ಮೆನಾಹೆಮ್ ಹತ್ತಿರ ಅಂತ ಹೇಳಿ. ಮೇಲೆ ಹತ್ತೋಕೆ ನೀರು ಬೇಕು, ನೆರಳು ಕಡಿಮೆ. ಜೊತೆಗೆ ವಯಸ್ಸಾದವರಿದ್ದರೆ ಬೆಳಿಗ್ಗೆ ಬೇಗ ಹೊರಡಿ.